ಅಟ್ಟದ ಮೇಲಿನ ಹಳೇ ಕಂಪ್ಯೂಟರ್: ಎತ್ತಿಟ್ಟರೆ ಉಳಿಯುತ್ತದೆಯೇ?

ಹಳೇ ಟಿವಿ, ರೇಡಿಯೊ, ಕಂಪ್ಯೂಟರ್ ಇದ್ದರೆ ಎಸೆಯಬೇಡಿ, ಒಳಗೆ ಲಕ್ಷಾಂತರ ರೂಪಾಯಿಯ ‘ಕೆಂಪು ಪಾದರಸ’ ಇದೆ. ಹಳೇ ಮದರ್‌ಬೋರ್ಡಿನಿಂದ ಮನೆಯಲ್ಲೇ ಚಿನ್ನ ತೆಗೆಯಬಹುದು. ಒಂದು ಹಳೇ ಕಂಪ್ಯೂಟರ್ ಕೋಟಿಗಟ್ಟಲೆಗೆ ಹರಾಜಾಯಿತು, ನಿಮ್ಮ ಮನೆಯಲ್ಲಿರುವುದನ್ನೂ ಜೋಪಾನ ಮಾಡಿ. ಇಂತಹ ಫಾರ್ವರ್ಡ್‌ಗಳು ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು.

ಇವನ್ನು ನಂಬಿಯೋ, ಪ್ರೀತಿಯಿಂದಲೋ, ಸುಮ್ಮನೆ ಎಸೆಯಲು ಮನಸ್ಸಾಗದೆಯೋ ಎಷ್ಟೋ ಮನೆಗಳಲ್ಲಿ ಹಳೇ ಕಂಪ್ಯೂಟರ್ ಅಟ್ಟ ಸೇರಿದೆ. ದಪ್ಪ ಮಾನಿಟರ್, ಹಳದಿಯಾದ ಕೀಬೋರ್ಡ್, ಒಂದು ಡಬ್ಬಿ ಫ್ಲಾಪಿ. ‘ಇರಲಿ ಬಿಡು, ಮುಂದೆ ಯಾವತ್ತಾದರೂ ಬೇಕಾಗುತ್ತೆ’ ಎಂಬ ಮಾತು. ಕೆಲವರಂತೂ ಹುಡುಕಿ ಹುಡುಕಿ ಹತ್ತಾರು ಯಂತ್ರಗಳನ್ನು ಕೂಡಿಡುತ್ತಾರೆ. ಇನ್ನು ಕೆಲವರು ಒಂದೊಂದನ್ನೇ ಬಿಚ್ಚಿ, ಸರಿಪಡಿಸಿ, ಮತ್ತೆ ಓಡಿಸುತ್ತಾರೆ.

ಈ ಎರಡರಲ್ಲಿ ಯಾವುದು ಕಂಪ್ಯೂಟರನ್ನು ನಿಜವಾಗಿ ಉಳಿಸುತ್ತದೆ? ಚುಟುಕಾಗಿ ಹೇಳುವುದಾದರೆ, ಎತ್ತಿಡುವುದು ಮೊದಲ ಹೆಜ್ಜೆ ಮಾತ್ರ. ಅಲ್ಲಿಗೇ ನಿಂತರೆ ಯಂತ್ರ ಒಳಗೊಳಗೇ ಹಾಳಾಗುತ್ತದೆ. ಹಾಗೆಂದು ಇವತ್ತೇ ಅಟ್ಟದಿಂದ ಇಳಿಸಿ ಪ್ಲಗ್ ಹಾಕಿದರೆ ಇನ್ನೂ ಬೇಗ ಹಾಳಾಗಬಹುದು. ಏಕೆ ಎಂದು ಒಂದೊಂದಾಗಿ ನೋಡೋಣ.

ಮೊದಲು ಫಾರ್ವರ್ಡ್‌ಗಳ ವಿಷಯ

ಕೆಂಪು ಪಾದರಸ: ಇದು ಹಳೆಯ ಸುಳ್ಳು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೇ ಹೊಲಿಗೆ ಯಂತ್ರಗಳಲ್ಲಿ ಕೆಂಪು ಪಾದರಸ ಇದೆ ಎಂಬ ಗಾಳಿಸುದ್ದಿ ಹಬ್ಬಿ, ಜನ ಅವಕ್ಕೆ ಸಿಕ್ಕಾಪಟ್ಟೆ ಬೆಲೆ ಕೊಟ್ಟು ಕೊಂಡಿದ್ದರು. ಅದೇ ಕಥೆ ನಮ್ಮಲ್ಲಿ ಟಿವಿ, ರೇಡಿಯೊಗಳ ಹೆಸರಿನಲ್ಲಿ ಓಡಾಡುತ್ತಿದೆ. ಪಾದರಸದ ಕೆಂಪು ಸಂಯುಕ್ತಗಳು ಪ್ರಕೃತಿಯಲ್ಲಿ ಇವೆ, ಇಂಗಳೀಕ ಅದಕ್ಕೆ ಒಂದು ಉದಾಹರಣೆ. ಆದರೆ ಫಾರ್ವರ್ಡ್‌ನಲ್ಲಿ ಹೇಳುವಂತಹ, ಕೋಟಿ ಬೆಲೆಬಾಳುವ ಯಾವ ವಸ್ತುವೂ ಹಳೇ ಟಿವಿಯಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಇಲ್ಲ.

ಚಿನ್ನ: ಇದರಲ್ಲಿ ಸ್ವಲ್ಪ ನಿಜವಿದೆ, ಅದಕ್ಕೇ ಹೆಚ್ಚು ಅಪಾಯಕಾರಿ. ಕಂಪ್ಯೂಟರಿನ ಕನೆಕ್ಟರ್‌ಗಳ ಮೇಲೆ, ಕೆಲವು ಹಳೇ ಚಿಪ್‌ಗಳ ಕಾಲುಗಳ ಮೇಲೆ ಚಿನ್ನದ ಲೇಪ ಇರುತ್ತದೆ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ವಿದ್ಯುತ್ ಸಂಪರ್ಕ ಕೆಡುವುದಿಲ್ಲ, ಅದಕ್ಕಾಗಿ ಅದನ್ನು ಬಳಸುತ್ತಾರೆ. ಆದರೆ ಎಷ್ಟು? ಟೋಕಿಯೊ ಒಲಿಂಪಿಕ್ಸ್‌ನ ಪದಕಗಳಿಗಾಗಿ ಜಪಾನಿನಲ್ಲಿ ಸುಮಾರು 79,000 ಟನ್ ಸಣ್ಣ ಎಲೆಕ್ಟ್ರಾನಿಕ್ ವಸ್ತುಗಳನ್ನೂ 62 ಲಕ್ಷ ಹಳೇ ಮೊಬೈಲ್‌ಗಳನ್ನೂ ಸಂಗ್ರಹಿಸಿದರು. ಅಷ್ಟರಿಂದ ಸಿಕ್ಕ ಚಿನ್ನ ಸುಮಾರು 32 ಕಿಲೊ. ಅಂದರೆ ಒಂದು ಟನ್ನಿಗೆ ಅರ್ಧ ಗ್ರಾಂ ಕೂಡ ಇಲ್ಲ. ಕಂಪ್ಯೂಟರ್ ಬೋರ್ಡಿನಲ್ಲಿ ಇದಕ್ಕಿಂತ ಹೆಚ್ಚು ಪ್ರಮಾಣ ಇರುತ್ತದೆ. ಆದರೂ ಒಂದು ಬೋರ್ಡಿನ ಮಟ್ಟಿಗೆ ಅದು ಮಿಲಿಗ್ರಾಂ ಲೆಕ್ಕ. ಅದನ್ನು ತೆಗೆಯಲು ನೈಟ್ರಿಕ್, ಹೈಡ್ರೊಕ್ಲೋರಿಕ್ ಆಮ್ಲಗಳನ್ನು ಬಳಸಬೇಕು. ಆಗ ಏಳುವ ಕಂದು ಹೊಗೆ ಶ್ವಾಸಕೋಶಕ್ಕೆ ವಿಷ. ಉಳಿದ ಆಮ್ಲವನ್ನು ಚರಂಡಿಗೆ ಸುರಿದರೆ ಸೀಸ, ತಾಮ್ರ ಎಲ್ಲವೂ ನೀರಿಗೆ ಸೇರುತ್ತವೆ. ಮನೆಯಲ್ಲಿ ಖಂಡಿತ ಮಾಡಬೇಡಿ.

ಹರಾಜು: ಈ ಸುದ್ದಿ ನಿಜ, ಆದರೆ ನಿಮ್ಮ ಕಂಪ್ಯೂಟರಿಗೂ ಅದಕ್ಕೂ ಸಂಬಂಧವಿಲ್ಲ. 1976ರಲ್ಲಿ ಆ್ಯಪಲ್ ಸಂಸ್ಥೆ ತಯಾರಿಸಿದ ಮೊದಲ ಕಂಪ್ಯೂಟರ್ ಆ್ಯಪಲ್-1. ಒಟ್ಟು ತಯಾರಾಗಿದ್ದೇ ಸುಮಾರು 200. ಅಂತಹ ಒಂದು ಯಂತ್ರ 2024ರಲ್ಲಿ 9,45,000 ಡಾಲರಿಗೆ ಹರಾಜಾಯಿತು. 2000ದ ಆಸುಪಾಸಿನಲ್ಲಿ ನಾವು ನೀವು ಕೊಂಡ ಪೆಂಟಿಯಂ ಕಂಪ್ಯೂಟರ್‌ಗಳು ಜಗತ್ತಿನಲ್ಲಿ ಕೋಟಿಗಟ್ಟಲೆ ಇವೆ. ಬೆಲೆ ಬರುವುದು ಹಳತಾಗಿದ್ದಕ್ಕಲ್ಲ, ವಿರಳವಾಗಿದ್ದಕ್ಕೆ.

ಹಾಗಾದರೆ ಹಳೇ ಕಂಪ್ಯೂಟರಿಗೆ ಬೆಲೆಯೇ ಇಲ್ಲವೇ? ಇದೆ. ಅದು ಬೇರೆ ತರಹದ ಬೆಲೆ. ಅದನ್ನು ತಿಳಿಯಲು ಇಂಗ್ಲೆಂಡಿನ ಒಂದು ಯಂತ್ರದ ಕಥೆ ನೋಡಬೇಕು.

ಗೋದಾಮಿನಲ್ಲಿ ಮಲಗಿದ್ದ ಎರಡೂವರೆ ಟನ್ ಕಂಪ್ಯೂಟರ್

ಇಂಗ್ಲೆಂಡಿನ ಹಾರ್ವೆಲ್ ಎಂಬಲ್ಲಿದ್ದ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ 1951ರಲ್ಲಿ ಒಂದು ಕಂಪ್ಯೂಟರ್ ಕೆಲಸ ಶುರುಮಾಡಿತು. ಹೆಸರು ಹಾರ್ವೆಲ್ ಡೆಕಾಟ್ರಾನ್. ತೂಕ ಎರಡೂವರೆ ಟನ್. ಅದರ ಮೆಮೊರಿ ಕಣ್ಣಿಗೆ ಕಾಣುತ್ತಿತ್ತು. ಡೆಕಾಟ್ರಾನ್ ಎಂಬ ಒಂದೊಂದು ಗಾಜಿನ ಕೊಳವೆಯಲ್ಲೂ ವೃತ್ತಾಕಾರದಲ್ಲಿ ಹತ್ತು ಜಾಗಗಳು. ಹೊಳೆಯುವ ಚುಕ್ಕೆ ಯಾವ ಜಾಗದಲ್ಲಿ ಇದೆಯೋ ಅದೇ ಆ ಕೊಳವೆ ನೆನಪಿಟ್ಟುಕೊಂಡ ಅಂಕಿ. ಇಂತಹ 828 ಕೊಳವೆಗಳು ಅದರಲ್ಲಿದ್ದವು.

ವೇಗದಲ್ಲಿ ಅದು ಏನೇನೂ ಸಾಲದು. ಒಂದು ಗುಣಾಕಾರಕ್ಕೆ ಐದರಿಂದ ಹತ್ತು ಸೆಕೆಂಡ್ ಬೇಕು. ಲೆಕ್ಕದ ಯಂತ್ರ ಹಿಡಿದು ಕುಳಿತ ಒಬ್ಬ ಗಣಿತಜ್ಞರು ಅದರ ಜೊತೆ ಪೈಪೋಟಿಗೆ ಬಿದ್ದು ಸುಮಾರು ಅರ್ಧ ಗಂಟೆ ಸರಿಸಮ ನಿಂತರಂತೆ, ಆಮೇಲೆ ಸುಸ್ತಾಗಿ ಬಿಟ್ಟುಕೊಟ್ಟರು. ಯಂತ್ರಕ್ಕೆ ಸುಸ್ತಿಲ್ಲ. ಒಮ್ಮೆ ಕ್ರಿಸ್‌ಮಸ್ ರಜೆಯಲ್ಲಿ ಯಾರೂ ಇಲ್ಲದಿದ್ದಾಗಲೂ ಹತ್ತು ದಿನ ತಾನೇ ಲೆಕ್ಕ ಮಾಡುತ್ತಾ ಇತ್ತು.

1957ರಲ್ಲಿ ಅದು ವುಲ್ವರ್‌ಹ್ಯಾಂಪ್ಟನ್ನಿನ ಒಂದು ಕಾಲೇಜಿಗೆ ಹೋಯಿತು. ಅಲ್ಲಿ 1973ರವರೆಗೆ ವಿದ್ಯಾರ್ಥಿಗಳು ಅದರಲ್ಲಿ ಪ್ರೋಗ್ರಾಮಿಂಗ್ ಕಲಿತರು. ಆಮೇಲೆ ಬರ್ಮಿಂಗ್‌ಹ್ಯಾಮ್‌ನ ವಿಜ್ಞಾನ ವಸ್ತು ಸಂಗ್ರಹಾಲಯ ಸೇರಿತು. 1997ರಲ್ಲಿ ಆ ಸಂಗ್ರಹಾಲಯ ಮುಚ್ಚಿದಾಗ ಯಂತ್ರವನ್ನು ಬಿಚ್ಚಿ ಗೋದಾಮಿಗೆ ಹಾಕಿದರು. ಅಲ್ಲಿಗೆ ಅದು ಕಣ್ಮರೆ.

ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ, ಗೋದಾಮಿನ ಒಂದು ಫೋಟೊದಲ್ಲಿ ಅದರ ನಿಯಂತ್ರಣ ಫಲಕ ಕೆವಿನ್ ಮರೆಲ್ ಎಂಬ ಕಂಪ್ಯೂಟರ್ ಇತಿಹಾಸದ ಆಸಕ್ತರ ಕಣ್ಣಿಗೆ ಬಿತ್ತು. ಚಿಕ್ಕಂದಿನಲ್ಲಿ ನೋಡಿದ್ದ ಯಂತ್ರ, ಹಾಗಾಗಿ ಗುರುತು ಹಿಡಿದರು. 2009ರಲ್ಲಿ ಅದನ್ನು ಬ್ಲೆಚ್ಲಿ ಪಾರ್ಕ್‌ನಲ್ಲಿರುವ ಕಂಪ್ಯೂಟರ್ ಸಂಗ್ರಹಾಲಯಕ್ಕೆ ತಂದರು. ಸ್ವಯಂಸೇವಕರು ಮೂರು ವರ್ಷ ಕೂತು ಕೊಳವೆ, ರಿಲೇ, ತಂತಿಗಳನ್ನು ಒಂದೊಂದಾಗಿ ಶುಚಿಮಾಡಿ, ಪರೀಕ್ಷಿಸಿ ಜೋಡಿಸಿದರು. 2012ರ ನವೆಂಬರ್ 20ರಂದು ಅದನ್ನು ಮತ್ತೆ ಚಾಲೂ ಮಾಡಲಾಯಿತು. ತನ್ನ ಮೂಲ ಭಾಗಗಳೊಂದಿಗೇ ಕೆಲಸ ಮಾಡುತ್ತಿರುವ ಜಗತ್ತಿನ ಅತಿ ಹಳೆಯ ಡಿಜಿಟಲ್ ಕಂಪ್ಯೂಟರ್ ಎಂಬ ಗಿನ್ನೆಸ್ ಮನ್ನಣೆಯೂ ಬಂತು.

ಈ ಕಥೆಯಲ್ಲಿ ಎರಡು ಪಾಠ ಇವೆ. ಗೋದಾಮಿನಲ್ಲಿ ಎತ್ತಿಡದಿದ್ದರೆ ಅದು ಎಂದೋ ಗುಜರಿ ಸೇರಿರುತ್ತಿತ್ತು. ಕೂಡಿಟ್ಟವರಿಗೂ ಋಣಿಯಾಗಿರಬೇಕು. ಆದರೆ ಗೋದಾಮಿನಲ್ಲೇ ಇದ್ದಿದ್ದರೆ ಅದು ಇದ್ದೂ ಇಲ್ಲದಂತೆ. ಗುರುತು ಹಿಡಿಯುವ ಒಬ್ಬರು, ಕೈಯಾಡಿಸುವ ಹತ್ತು ಮಂದಿ ಸಿಕ್ಕಿದ ಮೇಲೆಯೇ ಅದು ಉಳಿಯಿತು.

ಮುಟ್ಟದೆ ಇಟ್ಟರೆ ಒಳಗೆ ಏನಾಗುತ್ತದೆ?

ಬೀಗ ಹಾಕಿದ ಮನೆ ಬೇಗ ಹಾಳಾಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಜನ ಓಡಾಡುವ ಮನೆಯಲ್ಲಿ ಸೋರಿದರೆ ತಕ್ಷಣ ಗೊತ್ತಾಗುತ್ತದೆ, ಬೀಗ ಹಾಕಿದ ಮನೆಯಲ್ಲಿ ಗೊತ್ತಾಗುವುದಿಲ್ಲ. ಕಂಪ್ಯೂಟರಿನದೂ ಅದೇ ಪಾಡು.

ಬ್ಯಾಟರಿ: ಹಳೇ ಕಂಪ್ಯೂಟರಿನ ದೊಡ್ಡ ಶತ್ರು ಅದರ ಒಳಗೇ ಇದೆ. 1980ರ ದಶಕದ ಕೊನೆ, 90ರ ದಶಕದ ಮೊದಲ ಭಾಗದ 286, 386, 486 ಕಂಪ್ಯೂಟರ್‌ಗಳಲ್ಲಿ ದಿನಾಂಕ, ಸಮಯ ನೆನಪಿಟ್ಟುಕೊಳ್ಳಲು ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೋರ್ಡಿಗೇ ಬೆಸುಗೆ ಹಾಕುತ್ತಿದ್ದರು. ವರ್ಷಗಳು ಕಳೆದಂತೆ ಅದು ಸೋರುತ್ತದೆ. ಸೋರುವುದು ಕ್ಷಾರ. ಅದು ಬೋರ್ಡಿನ ಕೂದಲೆಳೆಯಂತಹ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ಬಳಸದ ತಾಮ್ರದ ಕೊಡಕ್ಕೆ ಹಿಡಿಯುವ ಹಸಿರು ಕಿಲುಬು ನೋಡಿದ್ದೀರಲ್ಲ, ಅದೇ ಬೋರ್ಡಿನ ಮೇಲೂ ಹಬ್ಬುತ್ತದೆ. ಕೊಡವನ್ನು ಹುಣಸೆಹಣ್ಣು ಹಾಕಿ ತಿಕ್ಕಬಹುದು. ತಿಂದುಹೋದ ಗೆರೆ ಮತ್ತೆ ಬರುವುದಿಲ್ಲ, ತೆಳು ತಂತಿ ಹಾಕಿ ಒಂದೊಂದಾಗಿ ಕೂಡಿಸಬೇಕು. ನಂತರದ ಕಂಪ್ಯೂಟರ್‌ಗಳ ನಾಣ್ಯದಂತಹ ಬ್ಯಾಟರಿ ಅಷ್ಟು ಸೋರುವುದಿಲ್ಲ. ಆದರೆ ಕೆಲವು ಹಳೇ ಮ್ಯಾಕಿಂಟಾಷ್ ಕಂಪ್ಯೂಟರ್‌ಗಳ ಲಿಥಿಯಂ ಬ್ಯಾಟರಿಗಳು ಒಡೆದು ಇಡೀ ಬೋರ್ಡನ್ನೇ ತಿಂದುಹಾಕಿವೆ.

ಕೆಪ್ಯಾಸಿಟರ್: ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು ಸಮವಾಗಿ ಕೊಡುವ ಭಾಗ ಇದು. ಒಳಗೆ ದ್ರವ ಇರುವ ಬಗೆಯ ಕೆಪ್ಯಾಸಿಟರ್‌ಗಳು ವರ್ಷ ಕಳೆದಂತೆ ಒಣಗುತ್ತವೆ ಇಲ್ಲವೇ ಸೋರುತ್ತವೆ. 1999ರಿಂದ 2007ರ ಆಸುಪಾಸಿನಲ್ಲಿ ಕಳಪೆ ದ್ರವ ತುಂಬಿದ ಕೆಪ್ಯಾಸಿಟರ್‌ಗಳು ಜಗತ್ತಿನಾದ್ಯಂತ ಬೋರ್ಡ್‌ಗಳಲ್ಲಿ ಸೇರಿಕೊಂಡವು. ಆ ಕಾಲದ ಕಂಪ್ಯೂಟರ್ ಬಿಚ್ಚಿದರೆ ತಲೆ ಉಬ್ಬಿದ ಪುಟ್ಟ ಡಬ್ಬಿಗಳು ಕಂಡರೆ ಅವೇ ಅವು.

ರಬ್ಬರ್: ಫ್ಲಾಪಿ ಡ್ರೈವ್, ಟೇಪ್ ಡ್ರೈವ್, ಪ್ರಿಂಟರ್‌ಗಳ ಬೆಲ್ಟ್, ರೋಲರ್‌ಗಳು ಕರಗಿ ಅಂಟಾಗುತ್ತವೆ, ಇಲ್ಲವೇ ಗಟ್ಟಿಯಾಗಿ ಬಿರುಕು ಬಿಡುತ್ತವೆ.

ಫ್ಲಾಪಿ ಮತ್ತು ಹಾರ್ಡ್‌ಡಿಸ್ಕ್: ಫ್ಲಾಪಿಯ ಮೇಲಿನ ಕಾಂತೀಯ ಗುರುತು ಕಾಲಕ್ರಮೇಣ ದುರ್ಬಲವಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಹಳೇ ಹಾರ್ಡ್‌ಡಿಸ್ಕ್‌ಗಳಲ್ಲಿ ಓದುವ ಸೂಜಿ ತಟ್ಟೆಗೇ ಅಂಟಿಕೊಂಡು ತಿರುಗದೆ ಹೋಗುವುದೂ ಉಂಟು.

ಪ್ಲಾಸ್ಟಿಕ್: ಬಿಳಿ, ಬೂದು ಬಣ್ಣದ ಪೆಟ್ಟಿಗೆ ಹಳದಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಇದು ಬರೀ ಕೊಳೆಯಲ್ಲ. ಬಿಸಿಲಿನ ನೇರಳಾತೀತ ಕಿರಣ ಮತ್ತು ಸೆಕೆಗೆ ಪ್ಲಾಸ್ಟಿಕ್ಕಿನಲ್ಲೇ ಆಗುವ ರಾಸಾಯನಿಕ ಬದಲಾವಣೆ. ಹವ್ಯಾಸಿಗಳು ಹೈಡ್ರೊಜನ್ ಪೆರಾಕ್ಸೈಡ್ ಬಳಸಿ ಮತ್ತೆ ಬೆಳ್ಳಗೆ ಮಾಡುತ್ತಾರೆ. ಆದರೆ ಹಲವು ಬಾರಿ ಹಳದಿ ಮರಳಿ ಬರುತ್ತದೆ. ನೋಟಕ್ಕಷ್ಟೇ ತೊಂದರೆ, ಕೆಲಸಕ್ಕೆ ಅಲ್ಲ. ಹಾಗಾಗಿ ಇದಕ್ಕೆ ಕೊನೆಯ ಸ್ಥಾನ ಕೊಡಿ.

ಇವೆಲ್ಲ ಯಂತ್ರ ಆಫ್ ಆಗಿದ್ದಾಗಲೂ ನಡೆಯುತ್ತವೆ. ‘ಮುಟ್ಟದಿದ್ದರೆ ಹಾಗೇ ಇರುತ್ತೆ’ ಎಂಬ ನಂಬಿಕೆ ತಪ್ಪು ಎನ್ನುವುದು ಇದಕ್ಕೇ.

ಹಾಗಾದರೆ ಇವತ್ತೇ ಆನ್ ಮಾಡೋಣವೇ?

ಬೇಡ. ಜನ ಹೆಚ್ಚಾಗಿ ಮಾಡುವ ಎರಡನೇ ತಪ್ಪು ಇದು. ‘ಕೆಲಸ ಮಾಡುತ್ತಾ ನೋಡೋಣ’ ಎಂದು ನೇರ ಪ್ಲಗ್ ಹಾಕುವುದು.

ಒಂದು ಉದಾಹರಣೆ. 1984-85ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ಮೊದಲ ಹಂತದಲ್ಲೇ 250 ಶಾಲೆಗಳಿಗೆ ಬಿಬಿಸಿ ಮೈಕ್ರೊ ಎಂಬ ಬ್ರಿಟಿಷ್ ಕಂಪ್ಯೂಟರ್ ಕೊಟ್ಟಿತ್ತು. ಈ ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಒಳಗೆ ಕಾಗದದ ಪದರವಿರುವ ಕೆಪ್ಯಾಸಿಟರ್‌ಗಳಿವೆ. ವರ್ಷಗಳು ಕಳೆದಂತೆ ಅದರ ಹೊರಕವಚ ಬಿರುಕು ಬಿಟ್ಟು ಗಾಳಿಯ ತೇವ ಒಳಗೆ ಹೋಗುತ್ತದೆ. ಸ್ವಿಚ್ ಹಾಕಿದ ಕೆಲವು ನಿಮಿಷಕ್ಕೆ ಢಬ್ ಎಂದು ಒಡೆದು ಕೋಣೆ ತುಂಬ ಕಮಟು ಹೊಗೆ. ಹಳೇ ಯಂತ್ರಗಳ ಹವ್ಯಾಸಿಗಳಲ್ಲಿ ಇದು ಎಷ್ಟು ಮಾಮೂಲಿ ಎಂದರೆ, ಆನ್ ಮಾಡುವ ಮೊದಲೇ ಆ ಭಾಗವನ್ನು ಬದಲಿಸಿಬಿಡುತ್ತಾರೆ.

ಪವರ್ ಸಪ್ಲೈ ಕೆಟ್ಟಿದ್ದರೆ ಇನ್ನೂ ಕಷ್ಟ. 5 ವೋಲ್ಟ್ ಕೊಡಬೇಕಾದ ಕಡೆ ಹೆಚ್ಚು ವೋಲ್ಟ್ ಹೋದರೆ ಅಷ್ಟು ವರ್ಷ ಚೆನ್ನಾಗಿದ್ದ ಚಿಪ್‌ಗಳು ಕ್ಷಣದಲ್ಲಿ ಸುಡುತ್ತವೆ. ಅದಕ್ಕೇ ತಿಳಿದವರು ಮೊದಲು ಪವರ್ ಸಪ್ಲೈಯನ್ನು ಬೇರ್ಪಡಿಸಿ, ಅದೊಂದನ್ನೇ ಪರೀಕ್ಷಿಸಿ, ವೋಲ್ಟೇಜ್ ಸರಿಯಿದ್ದರೆ ಮಾತ್ರ ಬೋರ್ಡಿಗೆ ಸೇರಿಸುತ್ತಾರೆ.

ದಪ್ಪ ಮಾನಿಟರಿನ ಬಗ್ಗೆ ವಿಶೇಷ ಎಚ್ಚರ. ಬಣ್ಣದ ಪಿಕ್ಚರ್ ಟ್ಯೂಬಿನಲ್ಲಿ 20,000 ವೋಲ್ಟಿಗೂ ಹೆಚ್ಚು ವಿದ್ಯುತ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಅದು ಒಳಗೆ ಉಳಿದಿರಬಹುದು. ಯೂಟ್ಯೂಬ್ ನೋಡಿಕೊಂಡು ಮಾನಿಟರ್ ಬಿಚ್ಚಬೇಡಿ. ಟಿವಿ ರಿಪೇರಿ ಬಲ್ಲವರ ಕೆಲಸ ಅದು.

ಕೂಡಿಡುವವರದು ತಪ್ಪೇ?

ಪೂರ್ತಿ ತಪ್ಪು ಎನ್ನಲಾಗದು. ಅವರ ವಾದದಲ್ಲಿ ಹುರುಳಿದೆ. ಹಳೇ ಕಂಪ್ಯೂಟರಿನ ಎಷ್ಟೋ ಚಿಪ್‌ಗಳನ್ನು ಈಗ ಯಾರೂ ತಯಾರಿಸುವುದಿಲ್ಲ. 1982ರಲ್ಲಿ ಬಂದ ಕಮೊಡೋರ್ 64 ಕಂಪ್ಯೂಟರಿನ ಧ್ವನಿ ಚಿಪ್ ಬೇಕೆಂದರೆ ಇನ್ನೊಂದು ಹಳೇ ಕಮೊಡೋರಿನಿಂದಲೇ ಹೆಚ್ಚಾಗಿ ತೆಗೆಯಬೇಕು. ಕೆಟ್ಟ ಹತ್ತು ಯಂತ್ರ ಇದ್ದರೆ ಒಂದರ ಭಾಗ ಇನ್ನೊಂದಕ್ಕೆ ಹಾಕಿ ನಾಲ್ಕೈದನ್ನು ಬದುಕಿಸಬಹುದು. ಗುಜರಿಯವರ ಗಾಡಿಯಿಂದ ಯಂತ್ರವನ್ನು ಇಳಿಸಿಕೊಂಡವರು ಇಲ್ಲದಿದ್ದರೆ ಸರಿಪಡಿಸುವವರಿಗೆ ಏನೂ ಸಿಗುತ್ತಿರಲಿಲ್ಲ.

ತೊಂದರೆ ಶುರುವಾಗುವುದು ‘ಒಂದು ದಿನ ಮಾಡ್ತೀನಿ’ ಎಂಬ ಮಾತಿನಲ್ಲಿ. ಆ ದಿನ ಬರುವಷ್ಟರಲ್ಲಿ ಬ್ಯಾಟರಿ ಸೋರಿರುತ್ತದೆ. ಒಬ್ಬರ ಕೋಣೆಯಲ್ಲಿ ಮೂವತ್ತು ಯಂತ್ರ ಮುಚ್ಚಿಟ್ಟಿದ್ದರೆ ಭಾಗ ಬೇಕಾದ ಇನ್ನೊಬ್ಬರಿಗೆ ಅವು ಇರುವುದೇ ಗೊತ್ತಿಲ್ಲ. ಕೂಡಿಟ್ಟವರು ತೀರಿಕೊಂಡ ಮೇಲೆ ಯಾವುದು ಏನು ಎಂದು ಮನೆಯವರಿಗೆ ತಿಳಿಯುವುದಿಲ್ಲ, ಎಲ್ಲವೂ ಒಟ್ಟಿಗೆ ಗುಜರಿಗೆ ಹೋಗುತ್ತದೆ.

ನಮ್ಮ ದೃಷ್ಟಿಯಲ್ಲಿ ಸಂಗ್ರಹಕ್ಕೂ ರಾಶಿಗೂ ಇರುವ ವ್ಯತ್ಯಾಸ ಮೂರು ಪ್ರಶ್ನೆಗಳಲ್ಲಿದೆ. ನಿಮ್ಮ ಹತ್ತಿರ ಏನೇನಿದೆ ಎಂಬ ಪಟ್ಟಿ ಇದೆಯೇ? ಪ್ರತಿ ಯಂತ್ರದ ಬ್ಯಾಟರಿ ತೆಗೆದಿದ್ದೀರಾ? ನಿಮ್ಮ ನಂತರ ಅದು ಯಾರಿಗೆ ಎಂದು ಮನೆಯವರಿಗೆ ಗೊತ್ತೇ? ಮೂರಕ್ಕೂ ಹೌದು ಎಂದರೆ ಅದು ಸಂಗ್ರಹ. ಮೂರಕ್ಕೂ ಇಲ್ಲ ಎಂದರೆ ನಿಧಾನವಾಗಿ ಆಗುತ್ತಿರುವ ಗುಜರಿ.

ಬಳಸಿದರೆ ಸವೆಯುವುದಿಲ್ಲವೇ?

ಸವೆಯುತ್ತದೆ. ಬಳಸಿದಾಗ ಬಿಸಿಯಾಗುತ್ತದೆ, ಚಲಿಸುವ ಭಾಗ ತೇಯುತ್ತದೆ, ಮೂಲ ಭಾಗ ತೆಗೆದು ಹೊಸದು ಹಾಕಬೇಕಾಗುತ್ತದೆ. ಹೀಗೆ ಬದಲಿಸುತ್ತಾ ಹೋದರೆ ಅದು ಅದೇ ಯಂತ್ರವಾಗಿ ಉಳಿಯುತ್ತದೆಯೇ ಎಂದು ಸಂಗ್ರಹಾಲಯಗಳವರು ಕೇಳುವುದು ನ್ಯಾಯವೇ. ಜಗತ್ತಿನಲ್ಲಿ ಒಂದೋ ಎರಡೋ ಉಳಿದಿರುವ ಯಂತ್ರಕ್ಕೆ ಇದು ದೊಡ್ಡ ಪ್ರಶ್ನೆ. ಸಾವಿರಗಟ್ಟಲೆ ಇರುವ ಮನೆ ಕಂಪ್ಯೂಟರಿಗೆ ಅಷ್ಟು ಚಿಂತೆ ಬೇಡ.

ಬಳಸುವುದರಿಂದ ಸಿಗುವ ಒಂದು ಲಾಭ ಮಾತ್ರ ಬೇರೆ ಯಾವುದರಿಂದಲೂ ಸಿಗುವುದಿಲ್ಲ. ಅದು ಮನುಷ್ಯರ ತಿಳಿವಳಿಕೆ. ಅಮೆರಿಕದ ಮೌಂಟನ್ ವ್ಯೂ ಊರಿನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಐಬಿಎಂ 1401 ಎಂಬ ಎರಡು ಯಂತ್ರಗಳಿವೆ. 1959ರಲ್ಲಿ ಪ್ರಕಟವಾದ ಮಾದರಿ ಇದು, ಭಾರತದಲ್ಲೂ ಬಳಕೆಯಲ್ಲಿತ್ತು. ಅಲ್ಲಿರುವ ಎರಡರಲ್ಲಿ ಒಂದು ಜರ್ಮನಿಯಿಂದ ಬಂದದ್ದು, ಇನ್ನೊಂದು ಅಮೆರಿಕದ್ದೇ ಒಂದು ಮನೆಯಲ್ಲಿ ಇದ್ದದ್ದು. ಇವನ್ನು ಎಬ್ಬಿಸಿದವರಲ್ಲಿ ನಿವೃತ್ತ ಐಬಿಎಂ ಎಂಜಿನಿಯರ್‌ಗಳೂ ಇದ್ದರು. ತಾವು ಪ್ರಾಯದಲ್ಲಿ ರಿಪೇರಿ ಮಾಡಿದ್ದ ಯಂತ್ರವನ್ನು ಇಳಿವಯಸ್ಸಿನಲ್ಲಿ ಮತ್ತೆ ರಿಪೇರಿ ಮಾಡಿದರು, ಕಿರಿಯರಿಗೆ ತೋರಿಸಿಕೊಟ್ಟರು. ಈಗ ಅಲ್ಲಿಗೆ ಹೋದವರು ಪಂಚ್ ಕಾರ್ಡ್ ಹಾಕಿ ಯಂತ್ರ ಓಡುವುದನ್ನು ನೋಡಬಹುದು.

ಯಾವ ಶಬ್ದ ಬಂದರೆ ಯಾವ ಭಾಗ ಕೆಟ್ಟಿದೆ ಎಂಬುದು ಕೈಪಿಡಿಯಲ್ಲಿ ಇರುವುದಿಲ್ಲ, ಕೈಯಲ್ಲಿ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮ ಊರಿನ ಬಸ್ ಸ್ಟ್ಯಾಂಡ್ ಪಕ್ಕದಲ್ಲೋ ಬೋರ್ಡಿಗೆ ಬೆಸುಗೆ ಹಾಕಿ ಮನೆ ನಡೆಸಿದ ತಲೆಮಾರು ಈಗ ಅಂಗಡಿ ಮುಚ್ಚುವ ವಯಸ್ಸಿನಲ್ಲಿದೆ. ಯಂತ್ರ ಇನ್ನೂ ಇಪ್ಪತ್ತು ವರ್ಷ ಅಟ್ಟದಲ್ಲಿ ಕಾಯಬಹುದು, ಅವರು ಕಾಯಲಾರರು.

ಹಾಗೆಂದು ಓಡಿಸಿಬಿಟ್ಟರೆ ಶಾಶ್ವತವಾಗಿ ಉಳಿಯಿತು ಎಂದೂ ಅಲ್ಲ. ಮೈಕ್ರೊಸಾಫ್ಟ್ ಸ್ಥಾಪಕರಲ್ಲಿ ಒಬ್ಬರಾದ ಪಾಲ್ ಆ್ಯಲನ್ ಸಿಯಾಟಲ್‌ನಲ್ಲಿ ಕಟ್ಟಿದ ಸಂಗ್ರಹಾಲಯ 2012ರಲ್ಲಿ ಜನರಿಗೆ ತೆರೆಯಿತು. ಹಳೇ ಯಂತ್ರಗಳ ಮುಂದೆ ಕೂತು ಯಾರು ಬೇಕಾದರೂ ಟೈಪ್ ಮಾಡಬಹುದಿತ್ತು. 2018ರಲ್ಲಿ ಆ್ಯಲನ್ ತೀರಿಕೊಂಡರು, 2020ರಲ್ಲಿ ಕೋವಿಡ್ ಬಂದಾಗ ಬಾಗಿಲು ಮುಚ್ಚಿತು, 2024ರಲ್ಲಿ ಶಾಶ್ವತವಾಗಿ ಮುಚ್ಚಿರುವುದಾಗಿ ಪ್ರಕಟಿಸಿ ಹಲವು ಯಂತ್ರಗಳನ್ನು ಹರಾಜು ಹಾಕಲಾಯಿತು. ಮೇಲೆ ಹೇಳಿದ ಆ್ಯಪಲ್-1 ಮಾರಾಟವಾಗಿದ್ದು ಅದೇ ಹರಾಜಿನಲ್ಲಿ. ಒಬ್ಬರ ಹಣ, ಒಬ್ಬರ ಆಸಕ್ತಿಯ ಮೇಲೆ ನಿಂತಿದ್ದು ಅವರ ನಂತರ ಅಲುಗಾಡುತ್ತದೆ. ಇದು ಅಟ್ಟಕ್ಕೂ ಅನ್ವಯ, ಅರಮನೆಯಂತಹ ಸಂಗ್ರಹಾಲಯಕ್ಕೂ ಅನ್ವಯ.

ಯಂತ್ರಕ್ಕಿಂತ ಮುಖ್ಯ, ಅದರೊಳಗಿನ ಕಡತ

1086ರಲ್ಲಿ ಇಂಗ್ಲೆಂಡಿನ ರಾಜ ಬರೆಸಿದ ಭೂಮಿ ಲೆಕ್ಕದ ಪುಸ್ತಕ ‘ಡೂಮ್ಸ್‌ಡೇ ಬುಕ್’. ಅದರ 900ನೇ ವರ್ಷಕ್ಕೆ, 1986ರಲ್ಲಿ ಬಿಬಿಸಿ ಹೊಸ ಡೂಮ್ಸ್‌ಡೇ ಮಾಡಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ, ಅದರಲ್ಲಿ ಶಾಲಾ ಮಕ್ಕಳೇ ಬಹಳ, ತಮ್ಮೂರಿನ ವಿವರ, ಫೋಟೊ ಕಳಿಸಿದರು. ಎಲ್ಲವನ್ನೂ ಲೇಸರ್ ಡಿಸ್ಕ್‌ಗೆ ತುಂಬಿದರು. ಓದಲು ಒಂದು ವಿಶೇಷ ಪ್ಲೇಯರ್, ಜೊತೆಗೆ ಬಿಬಿಸಿ ಕಂಪ್ಯೂಟರ್ ಬೇಕಿತ್ತು. ಹದಿನೈದೇ ವರ್ಷಕ್ಕೆ ಆ ಪ್ಲೇಯರ್‌ಗಳು ಅಪರೂಪವಾದವು. 900 ವರ್ಷದ ಚರ್ಮದ ಪುಟ ಓದಲು ಬರುತ್ತಿತ್ತು, ಹೊಸ ಡಿಸ್ಕ್ ಓದುವುದೇ ಕಷ್ಟವಾಯಿತು. 2002ರಲ್ಲಿ ಸಂಶೋಧಕರು ಹಳೇ ಕಂಪ್ಯೂಟರಿನಂತೆ ವರ್ತಿಸುವ ಸಾಫ್ಟ್‌ವೇರ್ ಬರೆದು, ಕೆಲಸ ಮಾಡುವ ಹಳೇ ಯಂತ್ರದಿಂದ ಮಾಹಿತಿಯನ್ನು ಎತ್ತಿಕೊಂಡರು. ಓಡುವ ಒಂದು ಯಂತ್ರ ಉಳಿದಿದ್ದರಿಂದ ಸಾಧ್ಯವಾಯಿತು.

ಇದು ನಮಗೂ ಹತ್ತಿರದ ವಿಷಯ. ಹಳೇ ಕನ್ನಡ ಫೈಲ್ ಒಂದನ್ನು ಮೊಬೈಲಿನಲ್ಲಿ ತೆರೆದಾಗ ಇಂಗ್ಲಿಷ್ ದೊಡ್ಡಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟು ಇರುವ ಅಕ್ಷರಗಳು ಕಂಡದ್ದು ನೆನಪಿದೆಯೇ? ಫೈಲ್ ಕೆಟ್ಟಿಲ್ಲ. ಯುನಿಕೋಡ್ ಬಳಕೆ ಹರಡುವ ಮೊದಲು ನುಡಿ, ಬರಹ, ಶ್ರೀಲಿಪಿಯಂತಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕನ್ನಡಕ್ಕೆ ಆಯಾ ಫಾಂಟ್ ಇದ್ದರೆ ಮಾತ್ರ ರೂಪ. ಫಾಂಟ್ ಇಲ್ಲದಿದ್ದರೆ ಅದು ಗೋಜಲು. ಇವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತಿಸಲು ಮೊದಲು ಫೈಲ್ ಕೈಗೆ ಸಿಗಬೇಕು. ಅದು ಬೂಷ್ಟು ಹಿಡಿದ ಫ್ಲಾಪಿಯಲ್ಲಿದ್ದರೆ?

ಊರಿನ ಸಂಘದ ನೆನಪಿನ ಸಂಚಿಕೆ, ಅಜ್ಜ ಟೈಪ್ ಮಾಡಿಸಿದ ವಂಶವೃಕ್ಷ, ಅಪ್ರಕಟಿತ ಕಥೆ, ಮದುವೆಯ ಮೊದಲ ಡಿಜಿಟಲ್ ಫೋಟೊ. ಅಟ್ಟದ ಮೇಲಿರುವ ನಿಜವಾದ ಚಿನ್ನ ಇದು. ಅದಕ್ಕೆ ಎರಡನೇ ಪ್ರತಿ ಹೆಚ್ಚಾಗಿ ಇರುವುದಿಲ್ಲ.

ನಿಮ್ಮ ಮನೆಯಲ್ಲಿ ಇದ್ದರೆ ಏನು ಮಾಡಬೇಕು?

1. ಪ್ಲಗ್ ಹಾಕಬೇಡಿ. ಮೊದಲು ಫೋಟೊ ತೆಗೆದು, ಯಾವ ಕಂಪನಿ, ಯಾವ ಮಾದರಿ, ಯಾರು ಬಳಸಿದ್ದು ಎಂದು ಒಂದು ಚೀಟಿ ಬರೆದು ಅಂಟಿಸಿ.

2. ಪೆಟ್ಟಿಗೆ ಬಿಚ್ಚಲು ಬಲ್ಲವರಿಂದ ಬ್ಯಾಟರಿ ತೆಗೆಸಿ. ಒಂದೇ ಕೆಲಸ ಮಾಡಲು ಸಾಧ್ಯ ಎಂದರೆ ಇದನ್ನೇ ಮಾಡಿ. ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿದ್ದರೆ ರಿಪೇರಿಯವರು ಬಿಳಿ ವಿನೆಗರ್ ಸವರಿ ಕ್ಷಾರವನ್ನು ಅಡಗಿಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆಯುತ್ತಾರೆ.

3. ಕಡತಗಳನ್ನು ಹೊರತೆಗೆಯಿರಿ. ಹಾರ್ಡ್‌ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಸೇರಿಸಬಹುದು, ಹಳೇ ಕಂಪ್ಯೂಟರ್ ಆನ್ ಆಗಬೇಕಿಲ್ಲ. 3.5 ಇಂಚಿನ ಫ್ಲಾಪಿಗೆ ಯುಎಸ್‌ಬಿ ಡ್ರೈವ್ ಸಿಗುತ್ತದೆ. ಹಾಕುವ ಮೊದಲು ಫ್ಲಾಪಿಯ ಮೂಲೆಯ ಪುಟ್ಟ ಗುಂಡಿಯನ್ನು ಸರಿಸಿ ಕಿಂಡಿ ತೆರೆದಿರುವಂತೆ ಇಡಿ, ಆಗ ತಪ್ಪಿ ಅಳಿಸಿಹೋಗುವುದಿಲ್ಲ. ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೇ ಹಾಕಬೇಡಿ, ಅದೂ ಗೀರುತ್ತದೆ, ಡ್ರೈವ್ ಕೂಡ ಕೊಳೆಯಾಗಿ ಮುಂದಿನ ಫ್ಲಾಪಿಯನ್ನೂ ಕೆಡಿಸುತ್ತದೆ.

4. ಇಟ್ಟುಕೊಳ್ಳುವುದಾದರೆ ತಗಡಿನ ಮಾಡಿನ ಕೆಳಗೆ, ಒದ್ದೆ ಗೋಡೆಯ ಪಕ್ಕ ಬೇಡ. ಒಣ, ತಂಪು ಜಾಗ ಇರಲಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಟ್ಟಿದರೆ ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆ ಹೊದಿಸಿ.

5. ಓಡಿಸುವ ಆಸೆ ಇದ್ದರೆ ಪವರ್ ಸಪ್ಲೈ ಪರೀಕ್ಷಿಸಿ, ಕೆಟ್ಟ ಕೆಪ್ಯಾಸಿಟರ್ ಬದಲಿಸಿದ ಮೇಲೆ ಓಡಿಸಿ. ಹಳೇ ಆಟ ಆಡಲಷ್ಟೇ ಆಸೆ ಎಂದರೆ ಯಂತ್ರವೇ ಬೇಡ, ಡಾಸ್‌ಬಾಕ್ಸ್‌ನಂತಹ ಉಚಿತ ಎಮ್ಯುಲೇಟರ್ ಸಾಕು. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲೇ ಸುರಕ್ಷತಾ ಅಪ್‌ಡೇಟ್ ನಿಂತಿದೆ. ಅದರಲ್ಲಿ ಇಂಟರ್ನೆಟ್, ಬ್ಯಾಂಕ್ ವ್ಯವಹಾರ ಬೇಡ.

6. ಬೇಡ ಎನಿಸಿದರೆ ಹವ್ಯಾಸಿಗಳಿಗೋ, ಪಾಠಕ್ಕೆ ಬೇಕಾದ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜಿಗೋ ಕೇಳಿ ಕೊಡಿ. ಯಾರಿಗೂ ಬೇಡವಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನ್ಯತೆ ಇರುವ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಬೀದಿ ಬದಿಯಲ್ಲಿ ತಂತಿ ಸುಟ್ಟು ತಾಮ್ರ ತೆಗೆಯುವವರಿಗೆ, ಮಾನಿಟರ್ ಗಾಜು ಒಡೆಯುವವರಿಗೆ ಕೊಟ್ಟರೆ ಸೀಸ, ವಿಷದ ಹೊಗೆ ಸೇರುವುದು ಅವರ ಮೈಗೆ, ಅವರ ಮಕ್ಕಳ ಮೈಗೆ. ಕೊಡುವ ಮೊದಲು ಹಾರ್ಡ್‌ಡಿಸ್ಕ್ ತೆಗೆದಿಟ್ಟುಕೊಳ್ಳಿ.

ಒಟ್ಟಿನಲ್ಲಿ

ಹೇಳಿಕೆ: ಹಳೇ ಕಂಪ್ಯೂಟರಿನಲ್ಲಿ ಕೆಂಪು ಪಾದರಸ, ಲಕ್ಷಗಟ್ಟಲೆ ಬೆಲೆಯ ಚಿನ್ನ ಇದೆ. 
ನಿಜಾಂಶ: ಕೆಂಪು ಪಾದರಸ ಸುಳ್ಳು. ಚಿನ್ನ ಮಿಲಿಗ್ರಾಂ ಲೆಕ್ಕದಲ್ಲಿದೆ, ಮನೆಯಲ್ಲಿ ತೆಗೆಯುವುದು ಅಪಾಯ.

ಹೇಳಿಕೆ: ಮುಟ್ಟದೆ ಎತ್ತಿಟ್ಟರೆ ಹಳೇ ಕಂಪ್ಯೂಟರ್ ಹಾಗೇ ಉಳಿಯುತ್ತದೆ. 
ನಿಜಾಂಶ: ತಪ್ಪು. ಬ್ಯಾಟರಿ, ಕೆಪ್ಯಾಸಿಟರ್, ರಬ್ಬರ್, ಫ್ಲಾಪಿ ಎಲ್ಲವೂ ಇಟ್ಟಲ್ಲೇ ಕೆಡುತ್ತವೆ.

ಹೇಳಿಕೆ: ಆಗಾಗ ಆನ್ ಮಾಡಿ ನೋಡಿದರೆ ಸಾಕು. 
ನಿಜಾಂಶ: ಭಾಗಶಃ ಸರಿ. ಪರೀಕ್ಷಿಸಿ, ಸರಿಪಡಿಸಿದ ಯಂತ್ರಕ್ಕೆ ಇದು ಒಳ್ಳೆಯದು. ವರ್ಷಗಟ್ಟಲೆ ಮಲಗಿದ್ದ ಯಂತ್ರಕ್ಕೆ ನೇರ ವಿದ್ಯುತ್ ಕೊಟ್ಟರೆ ಸುಟ್ಟುಹೋಗಬಹುದು.

ಈ ಲೇಖನವನ್ನು ಫಾರ್ವರ್ಡ್ ಮಾಡುವುದಾದರೆ ಮನೆಯ ಗುಂಪಿಗೇ ಮೊದಲು ಕಳಿಸಿ, ಜೊತೆಗೆ ಒಂದು ಪ್ರಶ್ನೆ ಸೇರಿಸಿ: ‘ನಮ್ಮ ಹಳೇ ಕಂಪ್ಯೂಟರ್ ಎಲ್ಲಿದೆ, ಅದರಲ್ಲಿ ಏನಿತ್ತು?’ ಉತ್ತರ ಗೊತ್ತಿರುವ ಹಿರಿಯರು ಮನೆಯಲ್ಲಿ ಇರುವಾಗಲೇ ಕೇಳುವುದು ಒಳ್ಳೆಯದು.